ಟೊಮೇಟೊ ಪೈ: ತಳ ನೆನೆಯದಂತೆ ಕಟ್ಟುವುದು, ನೆನೆದರೆ ರಿಪೇರಿ ಮಾಡುವುದು

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಹಿತ್ತಿಲ ಟೊಮೇಟೊ ಒಟ್ಟಿಗೇ ಹಣ್ಣಾಗುತ್ತದೆ. ಆಗ ಜಾರ್ಜಿಯಾ, ಕೆರೊಲಿನಾಗಳು, ಟೆನೆಸಿ, ಅಲಬಾಮಾದ ಮನೆಗಳಲ್ಲಿ ಮಾಡುವ ತಿನಿಸು ಟೊಮೇಟೊ ಪೈ. ಬೆಣ್ಣೆ ಹಾಕಿ ಕಲಸಿದ ಹಿಟ್ಟಿನ ಗರಿ ಕವಚ, ಅದರೊಳಗೆ ಟೊಮೇಟೊ ಬಿಲ್ಲೆಗಳು, ಈರುಳ್ಳಿ, ಬೇಸಿಲ್ ಎಲೆ, ಮೇಲೆ ಮೇಯನೇಸ್ ಮತ್ತು ಚೆಡರ್ ಚೀಸ್ ಬೆರೆಸಿದ ಹೊದಿಕೆ. ಫಿಲಡೆಲ್ಫಿಯಾ ಕಡೆ ಇದೇ ಹೆಸರಲ್ಲಿ ಸಿಗುವುದು ದಪ್ಪ ಬ್ರೆಡ್ಡಿನ ಮೇಲೆ ಸಾಸ್ ಬಳಿದ ಬೇರೆಯದೇ ತಿನಿಸು. ಅದರ ಮಾತು ಇಲ್ಲಿಲ್ಲ.

ಈ ಪೈ ಕೆಡುವುದು ಹೆಚ್ಚಾಗಿ ನೀರಿನಿಂದ. ಟೊಮೇಟೊ ತೂಕದಲ್ಲಿ ಶೇ 94–95 ನೀರೇ. ಒಂದು ಕೆಜಿ ಹಣ್ಣನ್ನು ಹಾಗೇ ಕತ್ತರಿಸಿ ಕವಚದಲ್ಲಿ ಜೋಡಿಸಿ ಓವನ್ನಿಗೆ ಇಟ್ಟರೆ ಒಳಗೆ ಸಾರು ಕುದಿಯುತ್ತದೆ, ತಳ ಗಂಜಿಯಾಗುತ್ತದೆ. ಇದಕ್ಕೆ ಎಲ್ಲರೂ ಹೇಳುವ ಮದ್ದು ಬೀಜ ತೆಗೆದು ಬಿಸಾಡಿ, ಉಪ್ಪು ಹಾಕಿ ಹಿಂಡುವುದು. ಆಗ ತಳವೇನೋ ಗಟ್ಟಿ ನಿಲ್ಲುತ್ತದೆ, ಆದರೆ ಪೈ ಸಪ್ಪೆ. ಯಾಕೆಂದರೆ ಬೀಜದ ಸುತ್ತಲಿನ ಲೋಳೆಯಲ್ಲಿ ಹುಳಿಯೂ, ನಾಲಿಗೆಗೆ ಸ್ವಾದ ಕೊಡುವ ಗ್ಲುಟಮೇಟ್ ಅಂಶವೂ ತಿರುಳಿಗಿಂತ ಹೆಚ್ಚು. ಬಿಸಾಡಿದ್ದು ರುಚಿಯನ್ನೇ. ಹಾಗಾಗಿ ಇಲ್ಲಿಯ ಕ್ರಮ ಬೇರೆ: ಹಣ್ಣಿನ ನೀರನ್ನು ಎರಡು ಪಾಲು ಮಾಡಿ ಒಂದನ್ನು ಬತ್ತಿಸಿ ಪೈಗೇ ವಾಪಸ್ ಹಾಕುವುದು, ಇನ್ನೊಂದನ್ನು ಹೊರಗಿಡುವುದು. ಎರಡನ್ನೂ ಬೆರೆಸಬಾರದು. ಕಾರಣ ಮುಂದೆ ಬರುತ್ತದೆ.

ಅಡುಗೆಮನೆ ತಕ್ಕಡಿ ಇಲ್ಲದೆ ಈ ಕೆಲಸ ಅಂದಾಜಿನದಾಗುತ್ತದೆ. ಕೆಳಗಿನ ಅಳತೆಗಳೆಲ್ಲ 23 ಸೆಂ.ಮೀ. (9 ಇಂಚು) ಅಗಲ, ಸುಮಾರು 4 ಸೆಂ.ಮೀ. ಆಳದ ಪೈ ತಟ್ಟೆಗೆ. ತಟ್ಟೆ ಲೋಹದ್ದಾದರೆ ಒಳ್ಳೆಯದು. ಗಾಜಿನ ತಟ್ಟೆಯಲ್ಲಿ ತಳದ ಬಣ್ಣ ಹೊರಗಿನಿಂದ ಕಾಣುತ್ತದೆ ಎನ್ನುವುದು ಅನುಕೂಲವೇ, ಆದರೆ ಅದು ಬಿಸಿಯಾಗುವುದು ನಿಧಾನ. ಫ್ರೀಜರಿನಿಂದ ತೆಗೆದ ಗಾಜನ್ನು ನೇರ ಕಾದ ಓವನ್ನಿಗೆ ಇಟ್ಟರೆ ಒಡೆಯುವ ಅಪಾಯವೂ ಇದೆ. ಪಿಂಗಾಣಿ ನೋಡಲು ಚೆಂದ, ಈ ಕೆಲಸಕ್ಕೆ ಎಲ್ಲಕ್ಕಿಂತ ಕೆಟ್ಟದ್ದು.

ಕವಚ

ಮೈದಾ 150 ಗ್ರಾಂ, ನುಣ್ಣನೆಯ ಮೆಕ್ಕೆಜೋಳದ ಹಿಟ್ಟು 30 ಗ್ರಾಂ, ಉಪ್ಪು ಅರ್ಧ ಟೀ ಚಮಚ, ಉಪ್ಪಿಲ್ಲದ ತಣ್ಣನೆಯ ಬೆಣ್ಣೆ 115 ಗ್ರಾಂ, ತಣ್ಣನೆಯ ಮಜ್ಜಿಗೆ 45ರಿಂದ 60 ಮಿ.ಲೀ.

ಮೈದಾದ ಬಗ್ಗೆ ಒಂದು ಮಾತು. ದಕ್ಷಿಣದವರು ಬಿಸ್ಕಿಟ್ (ನಮ್ಮ ಬಿಸ್ಕತ್ತಲ್ಲ, ಅಲ್ಲಿಯ ಮೆತ್ತನೆಯ ಬನ್ನಿನಂಥ ತಿನಿಸು) ಮಾಡಲು ಕಣ್ಣುಮುಚ್ಚಿ ತೆಗೆದುಕೊಳ್ಳುವುದು ವೈಟ್ ಲಿಲಿ ಹಿಟ್ಟನ್ನು. 1883ರಲ್ಲಿ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಶುರುವಾದ ಗಿರಣಿ ಅದು. ಮೆದು ಜಾತಿಯ ಚಳಿಗಾಲದ ಕೆಂಪು ಗೋಧಿಯಿಂದ ಮಾಡುವ ಹಿಟ್ಟಾದ್ದರಿಂದ ಪ್ರೋಟೀನ್ ಕಡಿಮೆ, ಜಿಗುಟು ಕಡಿಮೆ, ಬಿಸ್ಕಿಟ್ ಹತ್ತಿಯಂತೆ ಬರುತ್ತದೆ. ಆದರೆ ಒದ್ದೆ ಹೂರಣ ಹೊರಬೇಕಾದ ಕವಚಕ್ಕೆ ಆ ಮೆದುತನ ಮುಳುವು: ಲಟ್ಟಿಸಿ ಎತ್ತುವಾಗ ಬಿರುಕು ಬಿಡುತ್ತದೆ, ಬೆಂದ ಮೇಲೆ ಕೂದಲೆಳೆ ಸೀಳಿನಿಂದ ರಸ ಕೆಳಗಿಳಿಯುತ್ತದೆ. ಅಲ್ಲಿರುವವರು ವೈಟ್ ಲಿಲಿ ಅರ್ಧ, ಆಲ್ ಪರ್ಪಸ್ ಹಿಟ್ಟು ಅರ್ಧ ಹಾಕಿದರೆ ಹದ ಸರಿ. ಸೆಲ್ಫ್ ರೈಸಿಂಗ್ ಎಂದು ಬರೆದ ಚೀಲ ಬೇಡವೇ ಬೇಡ. ಅದರಲ್ಲಿ ಉಪ್ಪು, ಬೇಕಿಂಗ್ ಪೌಡರ್ ಮೊದಲೇ ಬೆರೆತಿರುತ್ತವೆ, ಕವಚ ಉಬ್ಬಿ ಗೋಡೆ ಕುಸಿಯುತ್ತದೆ. ಕರ್ನಾಟಕದಲ್ಲಿ ಮಾಡುವವರಿಗೆ ಅಂಗಡಿಯ ಸಾಧಾರಣ ಮೈದಾ ಸಾಕು, ಏನನ್ನೂ ಬೆರೆಸುವುದು ಬೇಡ.

ಮೆಕ್ಕೆಜೋಳದ ಹಿಟ್ಟು ಹಾಕುವುದು ಬರೀ ದಕ್ಷಿಣದ ಸೊಗಡಿಗಲ್ಲ. ಅದರಲ್ಲಿ ಗ್ಲುಟೆನ್ (ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನ್) ಇಲ್ಲ, ಆದ್ದರಿಂದ ಕವಚ ಗರಿಯಾಗುತ್ತದೆ, ಕುಗ್ಗುವುದೂ ಕಡಿಮೆ. 30 ಗ್ರಾಂ ದಾಟಿದರೆ ಹಿಟ್ಟು ಹಿಡಿತ ಬಿಟ್ಟು ಪುಡಿಪುಡಿ. ಉತ್ತರ ಭಾರತದ ಮಕ್ಕಿ ರೊಟ್ಟಿಗೆ ಮಾರುವ ಹಳದಿ ಹಿಟ್ಟು ನಡೆಯುತ್ತದೆ, ಒಮ್ಮೆ ಜರಡಿ ಹಿಡಿಯಿರಿ. ಸೂಪಿಗೆ ಹಾಕುವ ಬಿಳಿ ಕಾರ್ನ್‌ಫ್ಲೋರ್ ಇಲ್ಲಿ ಉಪಯೋಗಕ್ಕಿಲ್ಲ.

ಮಜ್ಜಿಗೆ ಎಂದರೆ ಅಮೆರಿಕದ ಅಂಗಡಿಯ ಬಟರ್‌ಮಿಲ್ಕ್. ಅದು ನಮ್ಮ ನೀರುಮಜ್ಜಿಗೆಗಿಂತ ಬಹಳ ದಪ್ಪ. ಅದಿಲ್ಲದವರು 35 ಗ್ರಾಂ ಹುಳಿ ಮೊಸರಿಗೆ 20 ಮಿ.ಲೀ. ಐಸ್ ನೀರು ಬೆರೆಸಿ ಕಡೆದುಕೊಳ್ಳಲಿ.

ಬೆಣ್ಣೆ 32–35 ಡಿಗ್ರಿಗೆ ಕರಗುತ್ತದೆ, ಆದರೆ 20 ದಾಟಿದರೆ ಸಾಕು, ಮೆತ್ತಗಾಗಿ ಹಿಟ್ಟಿನೊಳಗೆ ಸೇರಿಹೋಗುತ್ತದೆ. ಜುಲೈನ ಅಟ್ಲಾಂಟಾದಲ್ಲೋ ಏಪ್ರಿಲ್‌ನ ಮಂಗಳೂರಿನಲ್ಲೋ ಇದೇ ಮೊದಲ ಅಡ್ಡಿ. ಹಿಟ್ಟು, ಬೋಗುಣಿ, ಲಟ್ಟಣಿಗೆ ಮೂರನ್ನೂ ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಬೆಣ್ಣೆಯನ್ನು ಸಣ್ಣ ಘನಗಳಾಗಿ ಕತ್ತರಿಸಿ ಹಿಟ್ಟಿಗೆ ಹಾಕಿ ಬೆರಳ ತುದಿಯಿಂದ ಚಪ್ಪಟೆ ಮಾಡಿ. ಅಂಗೈ ಬಿಸಿ, ಅದನ್ನು ದೂರವಿಡಿ. ಒಂದಷ್ಟು ಬೆಣ್ಣೆ ಬಟಾಣಿ ಕಾಳಿನಷ್ಟು, ಒಂದಷ್ಟು ತೆಳು ಹಾಳೆಯಂತೆ ಉಳಿಯಬೇಕು. ಮಜ್ಜಿಗೆ ಮೊದಲು 45 ಮಿ.ಲೀ. ಮಾತ್ರ. ಮುಷ್ಟಿಯಲ್ಲಿ ಒತ್ತಿದಾಗ ಉಂಡೆ ಕಟ್ಟಿ, ತಟ್ಟಿದರೆ ಒಡೆಯುವಂತಿದ್ದರೆ ನಿಲ್ಲಿಸಿ. ಒಣ ಪುಡಿ ಉಳಿದಿದ್ದರೆ ಮಾತ್ರ ಒಂದೊಂದು ಚಮಚ ಸೇರಿಸಿ. ಚಪಾತಿ ಹಿಟ್ಟಿನಂತೆ ನಾದಿದರೆ ಮುಗಿಯಿತು: ಗ್ಲುಟೆನ್ ಬಿಗಿದು ಬೇಯುವಾಗ ಗೋಡೆ ಒಂದೆರಡು ಸೆಂ.ಮೀ. ಕೆಳಗೆ ಜಾರುತ್ತದೆ.

ಬಿಲ್ಲೆಯಾಕಾರ ಮಾಡಿ ಸುತ್ತಿ ಫ್ರಿಜ್ಜಿನಲ್ಲಿ ಕನಿಷ್ಠ ಒಂದು ಗಂಟೆ. ಹಿಂದಿನ ರಾತ್ರಿಯೇ ಮಾಡಿಟ್ಟರೆ ಇನ್ನೂ ಒಳ್ಳೆಯದು. ಆಮೇಲೆ 3 ಮಿ.ಮೀ. ದಪ್ಪಕ್ಕೆ, 30 ಸೆಂ.ಮೀ. ಅಗಲಕ್ಕೆ ಲಟ್ಟಿಸಿ ತಟ್ಟೆಗಿಳಿಸಿ. ಮೂಲೆಗೆ ಹಿಟ್ಟನ್ನು ಎಳೆದು ಕೂರಿಸಬೇಡಿ, ಅಂಚನ್ನು ಎತ್ತಿ ಹಿಡಿದು ತಾನಾಗಿ ಬೀಳಲು ಬಿಡಿ. ಎಳೆದದ್ದೆಲ್ಲ ಓವನ್ನಿನಲ್ಲಿ ಹಿಂದಕ್ಕೆ ಸರಿಯುತ್ತದೆ. ಅಂಚು ಮಡಚಿ ಒತ್ತಿ, ಅರ್ಧ ಗಂಟೆ ಫ್ರೀಜರಿಗೆ. ಕತ್ತರಿಸಿ ಉಳಿದ ಹಿಟ್ಟಿನ ಚೂರುಗಳನ್ನು ಎಸೆಯಬೇಡಿ, ಬಿರುಕಿಗೆ ತೇಪೆ ಹಾಕಲು ಬೇಕಾಗುತ್ತವೆ.

ಬರಿ ಕವಚದ ಬೇಯಿಸುವಿಕೆ

ಹೂರಣ ತುಂಬುವ ಮುನ್ನ ಕವಚ ಪೂರ್ತಿ ಬೆಂದಿರಬೇಕು. ಅರೆಬೆಂದ ಕವಚ ಹೂರಣದ ಜೊತೆ ಬೇಯುತ್ತದೆ ಎಂಬ ಲೆಕ್ಕ ಸೇಬಿನ ಪೈಗೆ ನಡೆದೀತು, ಇಲ್ಲಿ ನಡೆಯದು. ಒದ್ದೆ ಟೊಮೇಟೊ ತಾಗಿದ ಮೇಲೆ ಆ ಹಿಟ್ಟಿನ ಉಷ್ಣತೆ ನೀರು ಕುದಿಯುವ ಮಟ್ಟ ದಾಟುವುದಿಲ್ಲ, ಕೆಂಪಾಗಲು ಅದು ಸಾಲದು.

ಓವನ್ 200 ಡಿಗ್ರಿ ಸೆಲ್ಸಿಯಸ್ (400 ಫ್ಯಾರನ್‌ಹೀಟ್). ಒಳಗೆ ಕೆಳ ಹಂತದಲ್ಲಿ ದಪ್ಪ ತಟ್ಟೆಯೋ ಕಾವಲಿಯೋ ಇಟ್ಟು ಕಾಯಿಸಿ, ಪೈ ತಟ್ಟೆ ಕೂರುವುದು ಅದರ ಮೇಲೆ. ಕವಚದೊಳಗೆ ಬೇಕಿಂಗ್ ಕಾಗದ ಹಾಸಿ ರಾಜ್ಮಾ ಅಥವಾ ಕಡಲೆಯನ್ನು ಅಂಚಿನ ತನಕ ತುಂಬಿ. ಕೇವಲ ತಳ ಮುಚ್ಚುವಷ್ಟು ಕಾಳು ಹಾಕಿದರೆ ಗೋಡೆಗೆ ಆಸರೆಯೇ ಇರುವುದಿಲ್ಲ. 25 ನಿಮಿಷದ ಮೇಲೆ ಕಾಳು, ಕಾಗದ ತೆಗೆದು ಇನ್ನೂ 12–15 ನಿಮಿಷ. ನಸುಗಂದು ಬಂತೆಂದು ತೆಗೆಯಬೇಡಿ, ಗಾಢ ಹೊಂಬಣ್ಣ ಬರಬೇಕು. ಬೆರಳ ಗೆಣ್ಣಿನಿಂದ ತಳ ತಟ್ಟಿದರೆ ಒಣ ಸದ್ದು ಬರುತ್ತದೆ. ಆ ಕಾಳುಗಳು ಮತ್ತೆ ಬೇಯುವುದಿಲ್ಲ, ಡಬ್ಬಿಯಲ್ಲಿಟ್ಟು ಇದೇ ಕೆಲಸಕ್ಕೆ ಬಳಸಿ.

ಮನೆಯ ಓಟಿಜಿಯಲ್ಲಿ (ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್) ಮಾಡುವವರು ಕಡೆಯ ಐದು ನಿಮಿಷ ಕೆಳಗಿನ ಕಂಬಿ ಮಾತ್ರ ಉರಿಸಿ. ಓಟಿಜಿಯ ತಿರುಗುಗುಂಡಿ ತೋರುವ ಅಂಕಿಗೂ ಒಳಗಿನ ಶಾಖಕ್ಕೂ 15–25 ಡಿಗ್ರಿ ವ್ಯತ್ಯಾಸ ಇರುವುದು ಮಾಮೂಲು. ಅಗ್ಗದ ಓವನ್ ಥರ್ಮಾಮೀಟರ್ ಒಂದನ್ನು ಒಳಗೆ ನೇತುಹಾಕಿದರೆ ಈ ಗೊಂದಲ ಮುಗಿಯುತ್ತದೆ.

ಬಿರುಕು ಕಂಡರೆ ಈಗಲೇ ಮುಚ್ಚಬೇಕು. ಹಸಿ ಹಿಟ್ಟಿನ ಚೂರನ್ನು ಒಂದು ಹನಿ ನೀರು ಮುಟ್ಟಿಸಿ ಮೆತ್ತಗೆ ಮಾಡಿ ಸೀಳಿಗೆ ಒತ್ತಿ, ನಾಲ್ಕೈದು ನಿಮಿಷ ಬೇಯಿಸಿ. ಮೊಟ್ಟೆ ತಿನ್ನುವವರು ಬಿಳಿಯ ಭಾಗವನ್ನು ತಳಕ್ಕೆಲ್ಲ ತೆಳ್ಳಗೆ ಬಳಿದು ಎರಡು ನಿಮಿಷ ಇಟ್ಟರೆ ಅದು ವಾರ್ನಿಶ್ ಆಗುತ್ತದೆ. ತಿನ್ನದವರಿಗೆ ಮುಂದೆ ಬರುವ ಚೀಸ್ ಪದರವೇ ಆ ಕೆಲಸ ಮಾಡುತ್ತದೆ.

ಟೊಮೇಟೊ, ತಕ್ಕಡಿಯ ಮುಂದೆ

ದಕ್ಷಿಣದ ರೈತಸಂತೆಗಳಲ್ಲಿ ಈ ಪೈಗೆ ಜನ ಹುಡುಕುವುದು ದಪ್ಪ, ತೆಳು ಸಿಪ್ಪೆಯ ತಳಿಗಳನ್ನು. ಚೆರೋಕಿ ಪರ್ಪಲ್ ಅವುಗಳಲ್ಲಿ ಹೆಸರುವಾಸಿ. 1990ರಲ್ಲಿ ಟೆನೆಸಿಯಿಂದ ಬಂದ ಬೀಜಗಳನ್ನು ಬೆಳೆಸಿ ಆ ಹೆಸರಿಟ್ಟು ಹಂಚಿದವರು ಉತ್ತರ ಕೆರೊಲಿನಾದ ರಾಲಿಯ ತೋಟಗಾರ ಕ್ರೇಗ್ ಲಹೂಲಿಯರ್. ಅರ್ಕಾನ್ಸಾ ವಿಶ್ವವಿದ್ಯಾಲಯ 1961ರಲ್ಲಿ ಬಿಡುಗಡೆ ಮಾಡಿದ ಬ್ರ್ಯಾಡ್ಲಿ ಗುಲಾಬಿ ಬಣ್ಣದ್ದು, ಹುಳಿ ಕಡಿಮೆ. ಇವುಗಳ ಒಳಗೆ ಸಣ್ಣ ಸಣ್ಣ ಕೋಣೆಗಳು, ತಿರುಳು ಹೆಚ್ಚು. ಸಿಪ್ಪೆ ಸುಲಿಯುವ ಗೋಜಿಲ್ಲ. ಹಣ್ಣು ಪೂರ್ತಿ ಮಾಗಿರಬೇಕು, ಆದರೆ ಒತ್ತಿದರೆ ಕುಸಿಯಬಾರದು. ಫ್ರಿಜ್ಜಿನಲ್ಲಿಟ್ಟ ಹಣ್ಣಿನ ಪರಿಮಳ ಕುಂದಿರುತ್ತದೆ, ಹೊರಗಿಟ್ಟದ್ದನ್ನೇ ಬಳಸಿ.

ಕೋಲಾರದ ಮಂಡಿಯಿಂದ ಬರುವ ಹೈಬ್ರಿಡ್ ಹಣ್ಣಿನ ಸ್ವಭಾವ ಬೇರೆ. ಲಾರಿಯಲ್ಲಿ ದೂರ ಹೋಗಲೆಂದೇ ಗೋಡೆ ದಪ್ಪ, ಸಿಪ್ಪೆ ಗಟ್ಟಿ, ಲೋಳೆ ಕಡಿಮೆ, ಸುವಾಸನೆಯೂ ಕಡಿಮೆ. ಅದಕ್ಕೆ ಬೇರೆ ದಾರಿ ಇದೆ, ಕೆಳಗೆ ಹೇಳಿದೆ. ನಾಟಿ ಟೊಮೇಟೊ ಸಿಕ್ಕರೆ ಅದು ದಕ್ಷಿಣದ ಹಳೆ ತಳಿಗಳಿಗೆ ಹತ್ತಿರ, ಆದರೆ ಹುಳಿ ಜಾಸ್ತಿ, ಲೋಳೆಯೂ ಜಾಸ್ತಿ. ಕೊಳ್ಳುವಾಗ ಕಾಲು ಕೆಜಿ ಹೆಚ್ಚಿಗೆ ತನ್ನಿ.

ತಕ್ಕಡಿಯಲ್ಲಿ ಶುರು 1.2 ಕೆಜಿ. ತೊಟ್ಟಿನ ಗಟ್ಟಿ ಭಾಗ, ಎರಡೂ ತುದಿ ತೆಗೆದರೆ 80 ಗ್ರಾಂನಷ್ಟು ಹೋಗುತ್ತದೆ. ಅಡ್ಡಕ್ಕೆ 1 ಸೆಂ.ಮೀ. ದಪ್ಪದ ಬಿಲ್ಲೆ ಮಾಡಿ. ತೆಳ್ಳಗಾದರೆ ಉಪ್ಪು ತಾಗುತ್ತಲೇ ಹರಿದುಹೋಗುತ್ತವೆ, ದಪ್ಪವಾದರೆ ಒಳಗಿನ ನೀರು ಹೊರಗೆ ಬರುವುದಿಲ್ಲ. ಪ್ರತಿ ಬಿಲ್ಲೆಯ ಕೋಣೆಗಳಿಂದ ಬೀಜ, ಲೋಳೆಯನ್ನು ಬೆರಳಿನಿಂದ ಜಾಲರಿಯ ಮೇಲೆ ತಳ್ಳಿ. ತಳಿ ನೋಡಿಕೊಂಡು 150ರಿಂದ 250 ಗ್ರಾಂ ಬರುತ್ತದೆ. ಇದು ಮೊದಲ ನೀರು. ಇದಕ್ಕೆ ಇನ್ನೂ ಉಪ್ಪು ತಾಗಿಲ್ಲ ಎನ್ನುವುದೇ ಮುಖ್ಯ.

ಉಳಿದ ಬಿಲ್ಲೆಗಳನ್ನು ತೂಗಿ, ಆ ತೂಕದ ಶೇ 1ರಷ್ಟು ಪುಡಿ ಉಪ್ಪು ಎರಡೂ ಬದಿಗೆ ಉದುರಿಸಿ. 900 ಗ್ರಾಂಗೆ 9 ಗ್ರಾಂ, ಅಂದರೆ ಒಂದೂವರೆ ಟೀ ಚಮಚ. ತಂತಿ ಜಾಲಿಯ ಮೇಲೆ ಒಂದೇ ಪದರದಲ್ಲಿ ಹರಡಿ, ಕೆಳಗೊಂದು ತಟ್ಟೆ, 45 ನಿಮಿಷ. ಬುಟ್ಟಿಯಲ್ಲಿ ರಾಶಿ ಹಾಕಿದರೆ ಕೆಳಗಿನವು ಮೇಲಿನವುಗಳ ರಸದಲ್ಲೇ ನೆನೆಯುತ್ತವೆ, ಆ ತೊಟ್ಟಿಕ್ಕುವಿಕೆಗೆ ಅರ್ಥವಿಲ್ಲ. ತಟ್ಟೆಯಲ್ಲಿ 120–160 ಗ್ರಾಂ ಉಪ್ಪುನೀರು ಕೂಡುತ್ತದೆ. ಇದು ಎರಡನೆಯ ನೀರು. 100 ಗ್ರಾಂಗಿಂತ ಕಡಿಮೆ ಬಂದಿದ್ದರೆ ಇನ್ನೂ ಕಾಲು ಗಂಟೆ ಬಿಡಿ. ಆಮೇಲೆ ಒಣ ಹತ್ತಿಬಟ್ಟೆಯ ನಡುವೆ ಬಿಲ್ಲೆಗಳನ್ನಿಟ್ಟು ಅಂಗೈಯಿಂದ ಮೆಲ್ಲಗೆ ಒತ್ತಿ. ತೊಳೆಯಬೇಡಿ, ತೊಳೆದರೆ ಹೋದ ನೀರು ಮತ್ತೆ ಬಂದಂತೆ. ಕವಚದೊಳಗೆ ಹೋಗುವುದು ಸುಮಾರು 700 ಗ್ರಾಂ. ಅದಕ್ಕಿಂತ ಹೆಚ್ಚು ತುರುಕಿದರೆ ತಟ್ಟೆ ಹಿಡಿದೀತು, ತಳ ಹಿಡಿಯದು.

ಮೊದಲ ನೀರನ್ನು ಜಾಲರಿಯಲ್ಲಿ ಚಮಚದಿಂದ ಉಜ್ಜಿ ಬೀಜ ಬೇರ್ಪಡಿಸಿ. ಸಿಕ್ಕ ರಸವನ್ನು ಅಗಲ ಬಾಣಲೆಯಲ್ಲಿ ನಡು ಉರಿಯಲ್ಲಿ ಬತ್ತಿಸಿ, ಎರಡು ದೊಡ್ಡ ಚಮಚದಷ್ಟು ದಪ್ಪ ರಸ ಉಳಿಯಬೇಕು. ಸೌಟಿನಿಂದ ಗೀಚಿದರೆ ಗೆರೆ ಮುಚ್ಚದೆ ನಿಲ್ಲುವುದು ಹದ. ಉಪ್ಪುನೀರನ್ನೂ ಇದಕ್ಕೆ ಸೇರಿಸಿ ಬತ್ತಿಸುವ ಆಸೆ ಯಾರಿಗಾದರೂ ಬರುತ್ತದೆ. ಹಾಕಿದ ಉಪ್ಪಿನಲ್ಲಿ ಒಳ್ಳೆಯ ಪಾಲು ಆ ನೀರಲ್ಲೇ ಇದೆ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ, ಎರಡು ಚಮಚ ಪಾಕದಲ್ಲಿ ಅಷ್ಟೂ ಉಪ್ಪು ಕೂತು ಪೈ ಬಾಯಿಗಿಡಲಾಗದು. ಅದರ ಜಾಗ ಬೇರೆ: ಸಂಜೆಯ ಸಾರಿಗೆ ಹಾಕಿ, ಸಾರಿನ ಉಪ್ಪು ಅಷ್ಟು ಕಡಿಮೆ ಮಾಡಿ. ಅಟ್ಲಾಂಟಾ, ರಾಲಿ, ಷಾರ್ಲೆಟ್‌ನ ಕನ್ನಡದ ಮನೆಗಳಲ್ಲಿ ಈ ಪೈ ಮಾಡಿದ ದಿನ ಸಾರು ಬಿಟ್ಟಿ ಸಿಕ್ಕಂತೆ.

ಹೈಬ್ರಿಡ್ ಹಣ್ಣಿಗೆ ಹೇಳಿದ ಬೇರೆ ದಾರಿ ಇದು. ಕುದಿನೀರಲ್ಲಿ 40 ಸೆಕೆಂಡು ಅದ್ದಿ ಸಿಪ್ಪೆ ಸುಲಿಯಿರಿ, ಇಲ್ಲದಿದ್ದರೆ ಚಾಕು ಎಳೆದಾಗ ಸಿಪ್ಪೆ ನಾರಿನಂತೆ ಇಡೀ ಬಿಲ್ಲೆಯನ್ನೇ ಎಳೆದುಕೊಂಡು ಬರುತ್ತದೆ. ಬಿಲ್ಲೆ ಮಾಡಿ, ಲೋಳೆ ತೆಗೆದು, ಉಪ್ಪನ್ನು ಅರ್ಧಕ್ಕಿಳಿಸಿ, 120 ಡಿಗ್ರಿ (250 ಫ್ಯಾರನ್‌ಹೀಟ್) ಓವನ್ನಿನಲ್ಲಿ ಜಾಲಿಯ ಮೇಲೆ ಒಂದು ಗಂಟೆ. ಅಂಚು ಸುಕ್ಕುಗಟ್ಟಿ ನಡು ಮೆತ್ತಗಿರಬೇಕು. ಇದರಲ್ಲಿ ಹಸಿ ಟೊಮೇಟೊದ ತಾಜಾತನ ಹೋಗುತ್ತದೆ, ಬದಲಿಗೆ ಸಿಹಿ ಏರುತ್ತದೆ. ಸಪ್ಪೆ ಹಣ್ಣಿಗೆ ಅದು ಲಾಭವೇ. ಜುಲೈನ ಚೆರೋಕಿ ಪರ್ಪಲ್‌ಗೆ ಹೀಗೆ ಮಾಡುವುದು ಮಾತ್ರ ಹಣ್ಣಿಗೆ ಮಾಡಿದ ಅನ್ಯಾಯ.

ಈರುಳ್ಳಿ, ಎಲೆ, ಹೊದಿಕೆ

ವಿಡೇಲಿಯಾ ಈರುಳ್ಳಿ ಒಂದು, ಸುಮಾರು 250 ಗ್ರಾಂ. ಜಾರ್ಜಿಯಾದ ಆಗ್ನೇಯ ಭಾಗದ ಗಂಧಕ ಕಡಿಮೆ ಇರುವ ಮರಳುಮಿಶ್ರಿತ ಮಣ್ಣಿನಲ್ಲಿ ಬೆಳೆಯುವುದರಿಂದ ಅದಕ್ಕೆ ಘಾಟಿಲ್ಲ. 1986ರ ರಾಜ್ಯ ಕಾನೂನಿನ ಪ್ರಕಾರ ಗೊತ್ತುಪಡಿಸಿದ ಕೌಂಟಿಗಳಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು. ಘಾಟಿಲ್ಲ ನಿಜ, ಆದರೆ ನೀರು ವಿಪರೀತ. ಹಸಿಯಾಗಿ ಹಾಕಿದರೆ ಟೊಮೇಟೊ ಒಣಗಿಸಿದ ಶ್ರಮವೆಲ್ಲ ದಂಡ. ತೆಳ್ಳಗೆ ಹೆಚ್ಚಿ ಒಂದು ಚಮಚ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ 20 ನಿಮಿಷ, ತೂಕ ಅರ್ಧಕ್ಕಿಂತ ಕೆಳಗಿಳಿದು ನಸುಹಳದಿ ಆಗುವ ತನಕ. ನಮ್ಮ ಕೆಂಪು ಈರುಳ್ಳಿಯಾದರೆ 180 ಗ್ರಾಂ ಸಾಕು, ಇನ್ನೂ ಐದಾರು ನಿಮಿಷ ಹೆಚ್ಚು ಬಾಡಿಸಿ. ಉಪ್ಪು ಬೇಡ.

ಬೇಸಿಲ್ 15–20 ದೊಡ್ಡ ಎಲೆ, ಚಾಕು ಮುಟ್ಟಿಸದೆ ಕೈಯಿಂದ ಹರಿದು ಪದರಗಳ ನಡುವೆ. ಮೇಲೆ ಹಾಕಿದರೆ ಕರಿಯಾಗುತ್ತದೆ. ಅದರ ಬದಲಿಗೆ ಕಾಮಕಸ್ತೂರಿ ನಡೆಯುತ್ತದೆ, ಅದೂ ಅದೇ ಜಾತಿಯ ಗಿಡ. ಸೋಂಪಿನ ವಾಸನೆ ಜೋರಾಗಿರುವುದರಿಂದ ಅರ್ಧದಷ್ಟು ಹಾಕಿ. ಕಟ್ಟೆಯ ತುಳಸಿ ಬೇಡ, ಲವಂಗದ ಖಾರ ಎಲ್ಲವನ್ನೂ ನುಂಗುತ್ತದೆ.

ಹೊದಿಕೆಗೆ ಮೇಯನೇಸ್ 120 ಗ್ರಾಂ, ತುರಿದ ಶಾರ್ಪ್ (ಹಳೆಯದಾಗಿ ರುಚಿ ಗಾಢವಾದ) ಚೆಡರ್ 150 ಗ್ರಾಂ, ಕಾರ್ನ್‌ಫ್ಲೋರ್ ಒಂದು ಟೀ ಚಮಚ, ಕರಿಮೆಣಸು, ಚಿಟಿಕೆ ಖಾರದ ಪುಡಿ. ದಕ್ಷಿಣದಲ್ಲಿ ಮೇಯನೇಸ್ ಎಂದರೆ ಡ್ಯೂಕ್ಸ್. ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ 1917ರಲ್ಲಿ ಯುಜೀನಿಯಾ ಡ್ಯೂಕ್ ಸೈನಿಕರಿಗೆ ಸ್ಯಾಂಡ್‌ವಿಚ್ ಮಾರುತ್ತಾ ಶುರುಮಾಡಿದ್ದು. ಅದರಲ್ಲಿ ಸಕ್ಕರೆ ಇಲ್ಲ, ಈ ಪೈಗೆ ಬೇಕಾದ್ದು ಅದೇ ಗುಣ. ಸಿಹಿ ಮೇಯನೇಸ್ ಹಾಕಿದರೆ ಹೊದಿಕೆ ಬೇಗ ಕಪ್ಪಾಗುತ್ತದೆ, ಟೊಮೇಟೊದ ಜೊತೆ ಕೆಚಪ್ ರುಚಿ ಕೊಡುತ್ತದೆ. ಕೆಲವು ಬರಹಗಳಲ್ಲಿ ಇಡೀ ಕಪ್ ಮೇಯನೇಸ್ ಹೇಳಿರುತ್ತಾರೆ. ಅದು ಅತಿ. ಮೇಯನೇಸ್ ಎಂದರೆ ನೀರಿನಲ್ಲಿ ಹಿಡಿದಿಟ್ಟ ಎಣ್ಣೆ, ಹೆಚ್ಚು ಕಾದರೆ ಆ ಹಿಡಿತ ಬಿಟ್ಟು ಎಣ್ಣೆ ಮೇಲೆ ತೇಲುತ್ತದೆ. ಹಳೆಯ ಚೆಡರ್ ಕೂಡ ಎಣ್ಣೆ ಬಿಡುವ ಜಾತಿಯೇ. ಕಾರ್ನ್‌ಫ್ಲೋರ್ ಇರುವುದು ಅದನ್ನು ತಡೆಯಲು.

ಮೊಟ್ಟೆ ಬೇಡದವರು ಅಂಗಡಿಯ ಎಗ್‌ಲೆಸ್ ಮೇಯನೇಸ್‌ಗಿಂತ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರನ್ನು ಬಳಸುವುದು ವಾಸಿ: 130 ಗ್ರಾಂ ಮೊಸರು, ಒಂದು ದೊಡ್ಡ ಚಮಚ ಎಣ್ಣೆ, ಎರಡು ಟೀ ಚಮಚ ಕಾರ್ನ್‌ಫ್ಲೋರ್, ಕಾಲು ಚಮಚ ಸಾಸಿವೆ ಪುಡಿ. ಹುಳಿ ಟೊಮೇಟೊ ಇದ್ದರೆ ಚಿಟಿಕೆ ಸಕ್ಕರೆ. ಬಣ್ಣ ಮೇಯನೇಸಿನಷ್ಟು ಬರುವುದಿಲ್ಲ, ಕೊನೆಯ ಮೂರು ನಿಮಿಷ ಮೇಲಿನ ಕಂಬಿ ಉರಿಸಿ. ಚೆಡರ್ ಸಿಗದೆ ಪ್ರೊಸೆಸ್ಡ್ ಚೀಸ್ ಹಾಕಿದರೆ ಎಣ್ಣೆ ಬಿಡುವ ಕಾಟ ಇಲ್ಲ, ಉಪ್ಪು ಮಾತ್ರ ಹೆಚ್ಚು. 110 ಗ್ರಾಂಗೆ ಇಳಿಸಿ. ಶುದ್ಧ ಸಸ್ಯಾಹಾರಿಗಳು ಚೆಡರ್ ಪೊಟ್ಟಣದಲ್ಲಿ ರೆನ್ನೆಟ್ (ಹಾಲು ಹೆಪ್ಪುಗಟ್ಟಿಸುವ ಪದಾರ್ಥ, ಕೆಲವೊಮ್ಮೆ ಪ್ರಾಣಿಮೂಲದ್ದು) ಯಾವುದೆಂದು ಓದಿ ಕೊಳ್ಳಬೇಕು. ದಕ್ಷಿಣದವರು ಹಲವರು ಬೇಕನ್ ಚೂರು ಸೇರಿಸುತ್ತಾರೆ, ಅದಿಲ್ಲದೆಯೂ ಪೈಗೆ ಏನೂ ಕೊರತೆಯಿಲ್ಲ.

ಜೋಡಣೆ

ಕವಚ ಓವನ್ನಿನಿಂದ ಬಂದು ಬಿಸಿಯಿರುವಾಗಲೇ 30 ಗ್ರಾಂ ಚೆಡರ್ ತುರಿ ತಳಕ್ಕೆ ಉದುರಿಸಿ. ಅದು ಕರಗಿ ಪೊರೆಯಾಗುತ್ತದೆ. ಕವಚ ಪೂರ್ತಿ ತಣಿದ ಮೇಲೆ ಸಾಲ್ಟೀನ್ ಬಿಸ್ಕತ್ತಿನ ಪುಡಿ 25 ಗ್ರಾಂ. ಸಿಹಿಯಿಲ್ಲದ ಯಾವ ಖಾರಾ ಬಿಸ್ಕತ್ತಿನ ಪುಡಿಯೂ ಆದೀತು, ಸಿಹಿ ರಸ್ಕ್ ಆಗದು. ಮೇಲೆ ತಣಿದ ಈರುಳ್ಳಿ. ಆಮೇಲೆ ಅರ್ಧ ಟೊಮೇಟೊ, ಬಿಲ್ಲೆಗಳು ಒಂದರ ಮೇಲೊಂದು ಸ್ವಲ್ಪ ಏರುವಂತೆ. ಮೆಣಸು, ಬೇಸಿಲ್, ಬತ್ತಿಸಿದ ರಸವನ್ನು ಅಲ್ಲಲ್ಲಿ ಚುಕ್ಕಿಯಿಟ್ಟಂತೆ. ಉಳಿದ ಟೊಮೇಟೊ. ಉಪ್ಪು ಈ ಹಂತದಲ್ಲಿ ಎಲ್ಲಿಯೂ ಇಲ್ಲ.

ಹೊದಿಕೆಯನ್ನು ಅಂಚಿನ ತನಕ ಬಳಿಯಬೇಡಿ. ಸುತ್ತ 1 ಸೆಂ.ಮೀ. ಟೊಮೇಟೊ ತೆರೆದೇ ಇರಲಿ, ಆವಿ ಹೊರಬರಲು ಅದೇ ಕಿಟಕಿ. ಮುಚ್ಚಿಬಿಟ್ಟರೆ ಆವಿ ಹೊದಿಕೆಯ ಕೆಳಗೆ ತಣಿದು ಮತ್ತೆ ನೀರಾಗಿ ತಳಕ್ಕೆ ಇಳಿಯುತ್ತದೆ. ನೋಡಲು ಚೆಂದವೆಂದು ಪೂರ್ತಿ ಮುಚ್ಚಿದ ಪೈಗಳು ನೆನೆಯುವುದು ಹೀಗೆ.

190 ಡಿಗ್ರಿ (375 ಫ್ಯಾರನ್‌ಹೀಟ್), ಕಾದ ತಟ್ಟೆಯ ಮೇಲೆ, 30–35 ನಿಮಿಷ. ಕವಚದ ಅಂಚಿಗೆ ಮೊದಲೇ ಫಾಯಿಲ್ ಉಂಗುರ ಹಾಕಿ, ಅದು ಆಗಲೇ ಬೆಂದಿದೆ. ಆಯಿತೋ ಇಲ್ಲವೋ ಎಂದು ತಿಳಿಯಲು ತೆರೆದ ಅಂಚಿನ ಗುಳ್ಳೆಗಳನ್ನು ನೋಡಿ. ತೆಳ್ಳಗೆ, ಪಾರದರ್ಶಕವಾಗಿ, ಚುರುಕಾಗಿ ಏಳುತ್ತಿದ್ದರೆ ಇನ್ನೂ ನೀರಿದೆ. ದಪ್ಪಗೆ, ಸೋಮಾರಿಯಾಗಿ ಎದ್ದು ಒಡೆಯುತ್ತಿದ್ದರೆ ಸಾಕು. ಹೊದಿಕೆ ಮೊದಲೇ ಕಂದಿದರೆ ಮೇಲೆ ಫಾಯಿಲ್ ಸಡಿಲವಾಗಿ ಇಡಿ, ಬೇಯಿಸುವುದನ್ನು ನಿಲ್ಲಿಸಬೇಡಿ.

ತೆಗೆದ ಮೇಲೆ ಒಂದು ಗಂಟೆ ಮುಟ್ಟಬಾರದು. ಬಿಸಿಯಲ್ಲಿ ಚೀಸ್ ದ್ರವ, ಟೊಮೇಟೊದ ರಸ ಸಡಿಲ. ತಣಿದಂತೆ ಎರಡೂ ಹಿಡಿದುಕೊಳ್ಳುತ್ತವೆ. ತಂತಿ ಜಾಲಿಯ ಮೇಲೇ ಇಡಿ. ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟರೆ ತಟ್ಟೆಯ ತಳದ ಆವಿಗೆ ಹೋಗಲು ದಾರಿಯಿಲ್ಲ, ಇಷ್ಟೆಲ್ಲ ಮಾಡಿ ಕಡೆಗೆ ಅಲ್ಲಿ ಬೆವರುತ್ತದೆ. ಹಲ್ಲಿನ ಚಾಕುವಿನಿಂದ ಟೊಮೇಟೊ ಕತ್ತರಿಸಿ, ತಳಕ್ಕೆ ಬಂದಾಗ ನೇರ ಒತ್ತಿ.

ಕೆಟ್ಟದ್ದರ ರಿಪೇರಿ

ಬೇಯುವಾಗಲೇ ಅಂಚಿನಲ್ಲಿ ನೀರು ನಿಂತಿದ್ದು ಕಂಡರೆ ತಟ್ಟೆಯನ್ನು ಹೊರತೆಗೆದು ಒಂದು ಬದಿಗೆ ಸ್ವಲ್ಪ ವಾಲಿಸಿ, ಚಮಚದಿಂದ ಎತ್ತಿ, ಉಳಿದದ್ದಕ್ಕೆ ಕಾಗದದ ಟವೆಲ್ ಮುಟ್ಟಿಸಿ. ಮತ್ತೆ ಓವನ್ನಿಗೆ. ತೇಲಿದ್ದು ಹಳದಿ ಎಣ್ಣೆಯಾದರೂ ಇದೇ ಉಪಾಯ, ಆದರೆ ಅದರ ಕಾರಣ ಟೊಮೇಟೊ ಅಲ್ಲ, ಹೊದಿಕೆಯ ಪ್ರಮಾಣ ಇಲ್ಲವೇ ಓವನ್ನಿನ ಅತಿ ಶಾಖ.

ಕತ್ತರಿಸಿದಾಗ ತಳ ಮೆತ್ತಗಿದ್ದು ಬಣ್ಣ ಮಾತ್ರ ಬಂದಿದ್ದರೆ ಉಳಿಸಬಹುದು. ಓವನ್ 220 ಡಿಗ್ರಿಗೆ (425 ಫ್ಯಾರನ್‌ಹೀಟ್) ಏರಿಸಿ, ಕೆಳಗಿನ ಹಂತದಲ್ಲಿ ತಟ್ಟೆ ಚೆನ್ನಾಗಿ ಕಾಯಿಸಿ, ಮೇಲೆ ಫಾಯಿಲ್ ಮುಚ್ಚಿ ಅದರ ಮೇಲೆ 8–10 ನಿಮಿಷ ಇಡಿ. ಕಬ್ಬಿಣದ ದಪ್ಪ ಕಾವಲಿ ಇದ್ದರೆ ಒಲೆಯ ಮೇಲೇ, ಲೋಹದ ಪೈ ತಟ್ಟೆಯನ್ನು ಸಣ್ಣ ಉರಿಯಲ್ಲಿ ಐದು ನಿಮಿಷ ಕೂರಿಸಿದರೂ ತಳ ಗಟ್ಟಿಯಾಗುತ್ತದೆ. ಗಾಜಿಗೆ, ಪಿಂಗಾಣಿಗೆ ಈ ಒಲೆಯ ಉಪಾಯ ಕೂಡದು.

ತಳ ಬೂದುಬಿಳಿಯಾಗಿ, ಹಸಿ ಹಿಟ್ಟಿನ ರುಚಿ ಇದ್ದರೆ ರಿಪೇರಿ ಇಲ್ಲ. ಹೂರಣವನ್ನು ಸೌಟಿನಿಂದ ಎತ್ತಿ, ಬೆಣ್ಣೆಯಲ್ಲಿ ಸುಟ್ಟ ಬ್ರೆಡ್ಡಿನ ಮೇಲೋ ಒಡೆದ ಬಿಸ್ಕಿಟ್ ಮೇಲೋ ಹಾಕಿ ಬಡಿಸಿ. ಯಾರೂ ದೂರುವುದಿಲ್ಲ.

ಉಪ್ಪು ಹೆಚ್ಚಾಗಿದ್ದರೆ ಪಕ್ಕದಲ್ಲಿ ಸಪ್ಪೆ ಪದಾರ್ಥ ಇರಲಿ. ದಕ್ಷಿಣದ ಊಟದ ತಟ್ಟೆಯಲ್ಲಿ ಇದರ ಜೊತೆ ಬರುವ ಬೇಯಿಸಿದ ಬಟರ್‌ಬೀನ್ಸ್, ಮೆಕ್ಕೆಜೋಳ, ಬೆಂಡೆಕಾಯಿ ಹುರಿದದ್ದು ಆ ಕೆಲಸಕ್ಕೆ ಹೇಳಿಮಾಡಿಸಿದವು. ಗೋಡೆ ಕುಸಿದು ಹೂರಣ ತಟ್ಟೆಗೆ ಅಂಟಿದ್ದರೆ ಬಿಸಿಯಲ್ಲಿ ಎಬ್ಬಿಸಬೇಡಿ, ಪೂರ್ತಿ ತಣಿದ ಮೇಲೆ ತೆಳು ಚಾಕು ಸುತ್ತ ಆಡಿಸಿ.

ಮಾಡಿದ ಎರಡು ಗಂಟೆಯೊಳಗೆ ಉಳಿದದ್ದು ಫ್ರಿಜ್ಜಿಗೆ ಹೋಗಬೇಕು, ಬೇಸಿಗೆಯಲ್ಲಿ ಇನ್ನೂ ಬೇಗ. ಮಾರನೆಯ ದಿನಕ್ಕೆ ಕವಚ ತೇವ ಎಳೆದುಕೊಂಡು ಸ್ವಲ್ಪ ಮೆತ್ತಗಾಗುವುದನ್ನು ಯಾವ ಉಪಾಯವೂ ತಪ್ಪಿಸದು. 175 ಡಿಗ್ರಿಯಲ್ಲಿ (350 ಫ್ಯಾರನ್‌ಹೀಟ್) 12–15 ನಿಮಿಷ ಬಿಸಿ ಮಾಡಿದರೆ ಬಹುಪಾಲು ಹಿಂದಿರುಗುತ್ತದೆ. ಮೈಕ್ರೋವೇವ್‌ನಲ್ಲಿಟ್ಟರೆ ಟೊಮೇಟೊ ಕುದಿಯುತ್ತದೆ, ಕವಚ ರಬ್ಬರಾಗುತ್ತದೆ. ಕಟ್ಟಿದ ಪೈಯನ್ನು ಫ್ರೀಜ್ ಮಾಡುವುದೂ ಬೇಡ, ಕರಗುವಾಗ ಟೊಮೇಟೊ ಉಳಿದ ನೀರನ್ನೆಲ್ಲ ಬಿಡುತ್ತದೆ. ಬೇಯಿಸದ ಕವಚವನ್ನು ಮಾತ್ರ ತಟ್ಟೆಯ ಸಮೇತ ಸುತ್ತಿ ಒಂದು ತಿಂಗಳು ಫ್ರೀಜರಿನಲ್ಲಿ ಇಡಬಹುದು.